ನೆಲಕ್ಕೆ ತಾಗದ ಬಿಸಿಲು

ಬಿಸಿಲು ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿತ್ತು.

ನಾನು ಕಣ್ಣುಜ್ಜಿಕೊಂಡು ಮತ್ತೆ ಡಬ್ಬಿಗೆ ಮುಖ ಹಚ್ಚಿದೆ. ಅದೇ ಕೋಣೆ. ಕರಿ ಫರಸಿಕಲ್ಲಿನ ನೆಲ, ಮೂಲೆಯಲ್ಲಿ ತಾಮ್ರದ ಹಂಡೆ, ಗೋಡೆಯ ಗೂಡಿನಲ್ಲಿ ಹಿತ್ತಾಳೆಯ ಪುಟ್ಟ ಪೆಟ್ಟಿಗೆ, ಬಲಗಡೆ ಕಿಟಕಿ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ದುಂಡಗೆ, ಮುಟ್ಟಿದರೆ ಸಿಗುವಷ್ಟು ಹತ್ತಿರ ನಿಂತಿದ್ದವು. ಕಿಟಕಿಯಿಂದ ಬಿದ್ದ ಬಿಸಿಲಿನ ಚೌಕ ಮಾತ್ರ ನೆಲಕ್ಕೆ ತಾಗದೆ, ಹಾಸುವಾಗ ಯಾರೋ ಅರ್ಧಕ್ಕೆ ಬಿಟ್ಟ ಚಾಪೆಯಂತೆ ಗಾಳಿಯಲ್ಲಿತ್ತು. ಅದರ ಕೆಳಗೆ ಕೈ ತೂರಿಸಬಹುದು ಅನ್ನಿಸಿತು. ತೂರಿಸಲು ಹೋಗಿ ಬೆರಳು ಫೋಟೋ ತೆಗೆದ ಹುಡುಗಿ ಮನಾಲಿಯ ಮೇಜಿಗೆ ಬಡಿಯಿತು.

"ಏನ ಕಾಣಸ್ತೈತಿ, ಸರಿತಾ?" ಪಕ್ಕದ ಕುರ್ಚಿಯಿಂದ ಕುಂಥುನಾಥ ಕಾಕಾ ಕೇಳಿದರು.

"ಬಿಸಲ ತೇಲಾಕತ್ತೇತಿ, ಕಾಕಾ."

"ಬಿಸಲ ತೇಲೂದಿಲ್ಲ. ಸರಿಯಾಗಿ ನೋಡು."

ಕಾಕಾ ತಾವೇ ನೋಡಬಹುದಿತ್ತು, ಆದರೆ ಅವರಿಗಿರುವುದು ಒಂದೇ ಕಣ್ಣು. ಇನ್ನೊಂದನ್ನು ಚಿಕ್ಕಂದಿನಲ್ಲೇ ಅಕಿವಾಟದ ಹೊಲದಲ್ಲಿ ಕಬ್ಬಿನ ಗರಿ ತಿಂದುಹಾಕಿದೆ. ಆ ಒಂದೇ ಕಣ್ಣಿನಲ್ಲಿ ಮೂವತ್ತು ವರ್ಷ ಕೊಲ್ಹಾಪುರದ ಪೊಲೀಸರಿಗೆ ಫೋಟೋ ಹೊಡೆದು ನಿವೃತ್ತರಾಗಿ, ಈಗ ಮಂದಿಯ ಕಷ್ಟಕ್ಕೆ ಪತ್ತೇದಾರಿಕೆ ಮಾಡುತ್ತಾರೆ. ಕ್ಯಾಮೆರಾಕ್ಕೂ ಒಂದು ಕಣ್ಣು, ನನಗೂ ಒಂದು ಕಣ್ಣು, ನಮ್ಮ ನಡುವೆ ಜಗಳವಿಲ್ಲ ಅನ್ನುತ್ತಾರೆ. ಆದರೆ ಈ ಡಬ್ಬಿಗೆ ಎರಡು ಕಣ್ಣು ಬೇಕು. ಅದಕ್ಕೇ ರಂಕಾಳ ಕೆರೆಯ ಹತ್ತಿರ ಚಷ್ಮಾದ ಅಂಗಡಿ ಇಟ್ಟುಕೊಂಡ ನನ್ನನ್ನು ಎಳೆದುಕೊಂಡು ಬಂದಿದ್ದರು. ನನ್ನ ಎರಡೂ ಕಣ್ಣು ಚೆನ್ನಾಗಿವೆ, ಬಾಯಿ ಒಂದು ಸ್ವಲ್ಪ ಹೆಚ್ಚಾಯಿತು ಎಂಬುದು ಅವರ ದೂರು.

ಸಂಗತಿ ಇಷ್ಟೇ: ಗುರುವಾರ ಗಡಹಿಂಗ್ಲಜದಲ್ಲಿ ಈ ಕೋಣೆಯ ಫೋಟೋ ತೆಗೆದ ದಿನವೇ ಆ ಹಿತ್ತಾಳೆ ಪೆಟ್ಟಿಗೆಯೊಳಗಿನ ಚಿನ್ನದ ಹಾರ, ಮನೆಯ ಅಜ್ಜಿ ಸೋನಾಬಾಯಿಯವರ ಸಾಜ, ಕಾಣೆಯಾಯಿತು; ಮೂವತ್ತು ವರ್ಷದಿಂದ ಆ ಮನೆಯಲ್ಲಿ ದುಡಿದ ಸುಶೀಲಾಬಾಯಿಯನ್ನು ಕಳ್ಳಿ ಎಂದು ಹೊರಗೆ ಹಾಕಿದರು; ಇವತ್ತು ಸೋಮವಾರ ಹೊತ್ತು ಮುಳುಗುವುದರೊಳಗೆ ಸಾಜ ಸಿಗದಿದ್ದರೆ ಮೊಮ್ಮಗ ಅಭಿಜಿತ ಪೊಲೀಸರಿಗೆ ದೂರು ಕೊಡುತ್ತಾನೆ.

ಸುಶೀಲಾಬಾಯಿ ಶನಿವಾರ ನನ್ನ ಅಂಗಡಿಗೆ ಬಂದಿದ್ದರು. ಕೈಯಲ್ಲಿ ಮುರಿದ ಚಷ್ಮಾ. ಅದನ್ನು ಮೇಜಿನ ಮೇಲಿಟ್ಟು ಕೂತರು.

"ಜೇಲಿಗೆ ಹೋಗಾಕ ಅಂಜೂದಿಲ್ರಿ ನಾ," ಅಂದರು ಕೊನೆಗೆ. "ಆ ಮನ್ಯಾಗ ಕಳ್ಳಿ ಅನ್ನಿಸಿಕೊಂಡ ಬದುಕೂದು ಹೆಂಗ್ರಿ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಹೋದದ್ದು ಅಡಿಕೆಯಲ್ಲ, ತೊಲಗಟ್ಟಲೆ ಚಿನ್ನ. ನನಗೆ ಆಕೆಯ ಮುಖ ನೋಡಲಾಗಲಿಲ್ಲ, ಚಷ್ಮಾ ಒರೆಸುವ ನೆಪ ಮಾಡಿಕೊಂಡೆ.

ಮನಾಲಿ ನಮ್ಮೆದುರು ಕೈಕಟ್ಟಿ ನಿಂತಿದ್ದಳು. ಇಚಲಕರಂಜಿಯ ಹುಡುಗಿ, ಇಪ್ಪತ್ತೆಂಟರ ಆಸುಪಾಸು. ಅವಳ ಸ್ಟುಡಿಯೋ ಇರುವುದು ಒಂದು ಮಾಗದ, ಅಂದರೆ ಮಗ್ಗದ, ಕಾರ್ಖಾನೆಯ ಮಹಡಿಯಲ್ಲಿ. ಕೆಳಗೆ ಇಪ್ಪತ್ತು ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಕಿಟಕಿಯ ಗಾಜು, ಚಹದ ಕಪ್ಪು, ನನ್ನ ಹಲ್ಲು ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಆ ಸದ್ದಿನಲ್ಲಿ ಸ್ವಲ್ಪ ಹೊತ್ತು ಕೂತರೆ ಎಚ್ಚರವೋ ನಿದ್ದೆಯೋ ತಿಳಿಯದಂಥ ಜೊಂಪು ಹತ್ತುತ್ತದೆ.

ಅವಳ ಕೆಲಸ ಮಾತ್ರ ಚಂದದ್ದು. ಮದುವೆಯಾಗಿ ಹೋಗುವ ಹುಡುಗಿಯರಿಗೆ ತವರುಮನೆಯ ಡಬ್ಬಿ ಮಾಡಿಕೊಡುತ್ತಾಳೆ. ಹನ್ನೆರಡು ಕಾರ್ಡು, ಒಂದೊಂದರಲ್ಲಿ ಒಂದೊಂದು ಕೋಣೆ. ಡಬ್ಬಿಯ ಎರಡು ಗಾಜಿಗೆ ಕಣ್ಣಿಟ್ಟರೆ ಹುಟ್ಟಿದ ಮನೆಯೊಳಗೆ ನಿಂತಂತೆಯೇ. ಸೋನಾಬಾಯಿಯ ಮೊಮ್ಮಗಳು ಪ್ರಿಯದರ್ಶನಿಯ ಮದುವೆಗೆ ಅಭಿಜಿತ ಈ ಡಬ್ಬಿ ಮಾಡಿಸುತ್ತಿದ್ದ.

"ಹೆಂಗ ಮಾಡತಿ ಇದನ್ನ, ಇನ್ನೊಮ್ಮೆ ಹೇಳು ತಂಗಿ," ಅಂದರು ಕಾಕಾ. "ನಾ ಹಳೇ ಕಾಲದಾವ."

ಮನಾಲಿ ಹೇಳಿದಳು. ಹಳೆಯ ಮನೆಯಲ್ಲಿ ಕಿಟಕಿ ಬೆಂಕಿಯಂತೆ, ಮೂಲೆ ಇದ್ದಿಲಿನಂತೆ. ಒಂದೇ ಫೋಟೋದಲ್ಲಿ ಎರಡೂ ಹಿಡಿಯುವುದಿಲ್ಲ. ಅದಕ್ಕೇ ಮೂರು ಹೊಡೆಯುತ್ತಾಳೆ: ಕಿಟಕಿಗಾಗಿ ಒಂದು ಕಪ್ಪು ಪಟ, ಗೋಡೆಗಾಗಿ ಒಂದು ನಡುವಿನದು, ಮೂಲೆಗಾಗಿ ಎಂಟು ಸೆಕೆಂಡು ಕಣ್ಣು ತೆರೆದಿಟ್ಟ ಬೆಳ್ಳಗಿನ ಪಟ. ಮೂರನ್ನೂ ಕಂಪ್ಯೂಟರಿನಲ್ಲಿ ಬೆರೆಸಿ ಒಂದು ಮಾಡಿದರೆ ಎಚ್‌ಡಿಆರ್. ಅಂಥದ್ದು ಎಡಗಣ್ಣಿಗೆ ಒಂದು. ಆಮೇಲೆ ಕ್ಯಾಮೆರಾವನ್ನು ಎರಡು ಕಣ್ಣಿನ ನಡುವಿನಷ್ಟು ಬಲಕ್ಕೆ ಸರಿಸಿ ಬಲಗಣ್ಣಿಗೆ ಇನ್ನೊಂದು. ಎರಡನ್ನೂ ಒಂದು ಕಾರ್ಡಿನಲ್ಲಿ ಅಕ್ಕಪಕ್ಕ ಅಂಟಿಸಿದರೆ ಸ್ಟೀರಿಯೋ.

"ಎಂಟು ಸೆಕೆಂಡಿನ ಪಟದಾಗ ಓಡಾಡೂ ಮಂದಿ ಬರೂದ ಇಲ್ರಿ ಕಾಕಾ," ಅಂದಳು. "ನಿಂತದ್ದಷ್ಟ ಉಳೀತೈತಿ. ಬಾಕಿ ಎಲ್ಲಾ ಅಳಿಸಿ ಹೋಗತೈತಿ."

"ಎಡಗಣ್ಣಿನ ಮೂರು ಹೊಡ್ಯಾಕ ಎಷ್ಟ ಹೊತ್ತ ಹಿಡೀತು?"

"ಅರ್ಧ ನಿಮಿಷ. ನಾ ಅಲ್ಲೇ ನಿಂತಿದ್ನಿ, ರಿಮೋಟ ಕೈಯಾಗ ಹಿಡಕೊಂಡ."

"ಬಲಗಣ್ಣಿನವು?"

"ಲಗೇಚ, ಕೂಡ್ಲೆ. ಸರಿಸೂದು, ಹೊಡಿಯೂದು." ಅವಳು ಕತ್ತೆತ್ತಿದಳು. "ಅಭಿಜಿತಗೂ ಹೇಳೇನ್ರಿ. ಮೂರರಿಂದ ನಾಕೂಕಾಲ ತನಕ ನಾ ಆ ಕೋಣಿ ಬಿಟ್ಟ ಕದಲಿಲ್ಲ."

ಸುಶೀಲಾಬಾಯಿಯ ಕೊರಳಿಗೆ ಬಿದ್ದ ಹಗ್ಗ ಇದೇ ಮಾತು. ಆ ದಿನ ಪ್ರಿಯದರ್ಶನಿ ಸೀರೆ ಕೊಳ್ಳಲು ಕೊಲ್ಹಾಪುರಕ್ಕೆ ಹೋಗಿದ್ದಳು, ಅಭಿಜಿತ ಇಚಲಕರಂಜಿಯ ತನ್ನ ಮಾಗದಲ್ಲಿದ್ದೆ ಅನ್ನುತ್ತಾನೆ. ಮನೆಯಲ್ಲಿದ್ದವರು ಮೂವರು. ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದ ಸೋನಾಬಾಯಿಯನ್ನು ಫೋಟೋಕ್ಕೆ ಅಡ್ಡವಾಗದಂತೆ ಪಡಸಾಲೆಯ ಮಂಚಕ್ಕೆ ಸಾಗಿಸಿದ್ದರು. ಕೋಣೆಯಲ್ಲಿ ಮನಾಲಿ ಇದ್ದಳು. ಉಳಿದ ಹೊತ್ತೆಲ್ಲ ಕೋಣೆಯ ಕೀಲಿ ಸುಶೀಲಾಬಾಯಿಯ ಸೊಂಟದಲ್ಲಿ. ಸಂಜೆ ಪ್ರಿಯದರ್ಶನಿ ಬಂದು ಪೆಟ್ಟಿಗೆ ತೆರೆದರೆ ಒಳಗೆ ಬರೀ ಕೆಂಪು ಮಖಮಲ್ಲು.

ಒಂದು ಅರ್ಧ ಗಂಟೆ ಮಾತ್ರ ಸುಶೀಲಾಬಾಯಿ ಮನೆಯಲ್ಲಿರಲಿಲ್ಲ. ಮೂರೂವರೆಗೆ ಕರೆಂಟು ಬಂತೆಂದು ಹಿಟ್ಟಿನ ಗಿರಣಿಗೆ ಓಡಿದ್ದರು, ನಾಲ್ಕಕ್ಕೆ ಕರೆಂಟು ಹೋಗುವ ತನಕ ಸಾಲಿನಲ್ಲಿ ನಿಂತಿದ್ದರು. ಗಿರಣಿಯವನೂ ಸಾಲಿನವರೂ ಸಾಕ್ಷಿ. ಆದರೆ ಆ ಅರ್ಧ ಗಂಟೆ ಕೋಣೆಯಲ್ಲಿ ಮನಾಲಿ ಇದ್ದಳಲ್ಲ.

ಕಾಕಾ ಕಾರ್ಡನ್ನು ಡಬ್ಬಿಯಿಂದ ತೆಗೆದರು. ಬಲಪಟವನ್ನು ಅಂಗೈಯಿಂದ ಮುಚ್ಚಿ ಎಡದ್ದನ್ನು ನೋಡಿದರು. ಆಮೇಲೆ ಎಡದ್ದನ್ನು ಮುಚ್ಚಿ ಬಲದ್ದನ್ನು. ಹೀಗೆ ನಾಲ್ಕೈದು ಸಲ. ನಂತರ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ಒಂದು ಕಡ್ಡಿಯಿಂದ ಬಿಸಿಲಿನ ಚೌಕದ ಅಂಚಿಗೂ ಫರಸಿಯ ಸಂದಿಗೂ ಇರುವ ಅಂತರ ಅಳೆದರು.

"ಎಡಗಡೆ ಪಟದಾಗ ಬಿಸಲ ಫರಸಿ ಸಂದಿಗೆ ತಾಗೇತಿ," ಅಂದರು ಮೆಲ್ಲಗೆ. "ಬಲಗಡೆದಾಗ ಸಂದಿ ದಾಟಿ ಮುಂದ ಹೋಗೇತಿ. ಫರಸಿ ಅಗಲ ಎರಡ ಫೂಟು ಅಂತ ಹಿಡಿದ್ರ, ಬಿಸಲ ಒಂದ ಗೇಣ ನಡದೈತಿ. ಹಂಡೆ ನಡದಿಲ್ಲ, ಪೆಟ್ಟಿಗಿ ನಡದಿಲ್ಲ. ಬಿಸಲೊಂದ ನಡದದ್ದಕ್ಕ ಸರಿತಾಗ ಅದು ತೇಲಿದಂಗ ಕಂಡೈತಿ."

ಮನಾಲಿ ಚಹದ ಕಪ್ಪು ಎತ್ತಿ ಆಚೆ ಇಟ್ಟಳು.

"ಬಿಸಲ ಒಂದ ಗೇಣ ನಡಿಯಾಕ ಲಗೇಚ ಸಾಕಾಗೂದಿಲ್ಲ ತಂಗಿ. ಅರ್ಧ ತಾಸರ ಬೇಕು."

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುವುದು ನಮ್ಮಜ್ಜಿಯ ಮಾತು. ನಾನು ಎರಡು ಕಣ್ಣಿನಿಂದ ಕಂಡದ್ದನ್ನು ಕಾಕಾ ಒಂದೇ ಕಣ್ಣಿನಿಂದ ಪರಾಂಬರಿಸಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

"ಮತ್ತೇನ ಕಾಣಸ್ತೈತಿ ನೋಡು," ಅಂದರು ನನಗೆ, ಕಾರ್ಡನ್ನು ವಾಪಸು ಡಬ್ಬಿಗೆ ಸಿಕ್ಕಿಸಿ.

ನೋಡಿದೆ. ಮಗ್ಗದ ಸದ್ದು ದೂರವಾಯಿತು. ಆ ಕೋಣೆಯ ತಂಪು ಕಾಲಿಗೆ ಹತ್ತಿದಂತಾಯಿತು. ಹಂಡೆಯ ಮೇಲೆ ನೀರು ಸೋಸುವ ಅರಿವೆ ಹರವಿತ್ತು, ಮಾಸಿದ ಸಾದಾ ಹತ್ತಿಯ ಅರಿವೆ. ಅದು ಡಬ್ಬಿಯೊಳಗೆ ಬೆಳ್ಳಿಯ ತಗಡಿನ ಹಾಗೆ ಮಿನುಗುತ್ತಿತ್ತು.

"ಅರಿವಿ ಹೊಳ್ಯಾಕತ್ತೇತಿ ಕಾಕಾ. ರೇಶಿಮಿಗಿಂತ ಹೆಚ್ಚ."

"ಅದು ನನ್ನ ತಪ್ಪರಿ," ಅಂದಳು ಮನಾಲಿ ಗಡಿಬಿಡಿಯಿಂದ. "ಎರಡೂ ಪಟದ ಬೆಳಕ ಸಮ ಮಾಡೂವಾಗ ಚೂಕ್ ಆದ್ರ ಹಂಗ ಹೊಳೀತೈತಿ."

"ಹಂಗಿದ್ರ ಗೂಟದ ಮ್ಯಾಲಿನ ಬಿಳೀ ಸೀರಿನೂ ಹೊಳೀಬೇಕಿತ್ತಲ್ಲ?"

ಸೀರೆ ಹೊಳೆಯುತ್ತಿರಲಿಲ್ಲ. ಸುಣ್ಣದ ಗೋಡೆ ಹೊಳೆಯುತ್ತಿರಲಿಲ್ಲ. ಅರಿವೆಯೊಂದೇ.

"ಎಡಗಡೆ ಪಟದಾಗ ಅರಿವಿ ಬೆಳ್ಳಗ ಐತಿ, ಬಲಗಡೆದಾಗ ಬೂದಿಬಣ್ಣ," ಅಂದರು ಕಾಕಾ. "ಒಂದ ಕಣ್ಣ ಬಿಳಿ ಅಂತೈತಿ, ಇನ್ನೊಂದ ಬೂದಿ ಅಂತೈತಿ. ಇಬ್ಬರ ಜಗಳದಾಗ ಮನಸ್ಸು ಅದನ್ನ ಹೊಳಪು ಅಂತ ತೀರ್ಪ ಕೊಡತೈತಿ. ಅರಿವಿ ಬಣ್ಣ ಯಾಕ ತಿರಗಿತು? ತೊಯ್ದೈತಿ. ಎಡಕ್ಕ ಒಣಗಿದ್ದು ಬಲಕ್ಕ ಹಸಿ."

ನಾನು ಡಬ್ಬಿಯಿಂದ ತಲೆ ಎತ್ತಿದೆ.

"ನಡುವಿನ ಅರ್ಧ ತಾಸಿನ್ಯಾಗ ಯಾರೋ ಆ ಕೋಣಿಗೆ ಬಂದಾರ. ಬಾಯಿ ಒಣಗೇತಿ. ಕಳ್ಳರಾಗಿದ್ರ ಹಂಡೇದಾಗ ತಂಬಿಗಿ ಅದ್ದಿ ಕುಡದ ಹೋಗತಿದ್ರು. ಇವರು ಅರಿವಿ ಮಡಚಿ, ನೀರ ಸೋಸಿ, ಅರಿವಿ ಹಿಂಡದ ಹರವಿ ಹೋಗ್ಯಾರ." ಕಾಕಾ ಸಣ್ಣಗೆ ನಕ್ಕರು. "ಸೋಸದ ನೀರ ಗಂಟಲದಾಗ ಇಳಿಯೂದಿಲ್ಲ. ನೀರಾಗಿನ ಜೀವ ಸಾಯಬಾರದಂತ ಹಿಂಡೂದೂ ಇಲ್ಲ. ಇಂಥಾ ತಪ್ಪ ನಮ್ಮ ಜೈನರ ಮನ್ಯಾಗ ಬೆಳೆದವರಿಗೆ ಬಿಟ್ರ ಯಾರಿಗೂ ಬರೂದಿಲ್ಲ. ನೀ ಸೋಸತೀಯೇನ ತಂಗಿ?"

"ನಮ್ಮ ಮನ್ಯಾಗ ಮಶೀನ ಐತ್ರಿ."

"ಅಭಿಜಿತನ ಮನ್ಯಾಗೂ ಮಶೀನ ಐತಿ. ಅರಿವಿಯಿಂದ ಸೋಸಾಕಿ ಸುಶೀಲಾಬಾಯಿ ಒಬ್ಬಾಕಿ, ಅದೂ ಸೋನಾಬಾಯಾರ ಸಲುವಾಗಿ. ಆದ್ರ ಆಕಿ ಗಿರಣಿ ಸಾಲಿನ್ಯಾಗ ನಿಂತಿದ್ಲು. ಅಂದ್ರ ಬಂದವರ್ಯಾರು?"

ಕೆಳಗಿನ ಮಗ್ಗಗಳು ಬಡಿದುಕೊಂಡವು.

ನಾನು ಸುಮ್ಮನಿರಲಾರದೆ ಮತ್ತೆ ಡಬ್ಬಿಯೊಳಗೆ ಇಣುಕಿದೆ. ಪೆಟ್ಟಿಗೆಯ ಕೊಂಡಿಗೆ ಎರಡು ನಾಲಗೆ ಇದ್ದವು. ಒಂದು ಕೆಳಗೆ ಬಿದ್ದದ್ದು, ಒಂದು ಮೇಲೆದ್ದದ್ದು, ಎರಡೂ ಮಂಜಿನಷ್ಟು ತೆಳ್ಳಗೆ. ಅದನ್ನೂ ಹೇಳಿದೆ.

"ಅದನ್ನ ನಾವು ದೆವ್ವ ಅಂತೇವಿ," ಅಂದಳು ಮನಾಲಿ. ಮೊದಲ ಸಲ ನಕ್ಕಳು. "ಮೂರು ಪಟ ಬೆರೆಸೂವಾಗ ಅಲಗಿದ್ದೆಲ್ಲಾ ಎರಡೆರಡ ಆಗಿ ಬರತೈತಿ. ಕಿಡಕಿ ಹೊರಗ ಬೇವಿನ ಎಲಿ ನೋಡ್ರಿ, ಅವೂ ಹಂಗ ಬಂದಾವ."

ನೋಡಿದೆ. ಎಲೆಗಳೂ ಎರಡೆರಡಾಗಿ ಮಸುಕಾಗಿದ್ದವು. ಸರಿ ಅಂದೆ.

ಕಾಕಾ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ತಂಗಿ, ಒಬ್ಬ ಹೆಣ್ಣಮಗಳ ಮಾನದ ಪ್ರಶ್ನೆ ಐತಿ. ಎಲ್ಲಿ ಹೋಗಿದ್ದಿ?"

ಅವಳ ಗಲ್ಲ ನಡುಗಿತು. ಮಗ್ಗದ ನಡುಕವಲ್ಲ ಅದು.

"ಮಾಝೀ ಚೂಕ್ ಝಾಲಿ, ಕಾಕಾ, ನನ್ನ ತಪ್ಪಾತು," ಅಂದಳು. "ಎಡಗಡೆ ಮೂರು ಆದಕೂಡ್ಲೆ ಬ್ಯಾಟರಿ ಸತ್ತಿತು. ಇನ್ನೊಂದ ಬ್ಯಾಟರಿ ಗಾಡ್ಯಾಗಿತ್ತು, ಗಾಡಿ ತಗೊಂಡ ಡ್ರೈವರ ಊಟಕ್ಕ ಹೋಗಿದ್ದ. ಹುಡುಕಿ ಬರೂದ್ರಾಗ ಅರ್ಧ ತಾಸ ಆತು. ಎಡಗಡೆದೂ ಮತ್ತ ಹೊಡೀಬೇಕಿತ್ತು. ಹೊಡೀಲಿಲ್ಲ. ಬಿಸಲ ಹೋದೀತಂತ ಬಲಗಡೆದಷ್ಟ ಹೊಡದ ಅಂಟಿಸಿದ್ನಿ. ಈ ಕೆಲಸದಾಗ ಇದಕಿಂತ ನಾಚಿಕಿಗೇಡ ಮತ್ತೊಂದಿಲ್ರಿ. ಅದಕ್ಕ ಹೇಳಲಿಲ್ಲ."

"ನಿನ್ನ ನಾಚಿಕಿ ಸಲುವಾಗಿ ಆಕಿ ಜೇಲಿಗೆ ಹೋಗಬೇಕಾಗಿತ್ತು."

ಅವಳು ಅತ್ತಳು. ಅತ್ತು ಮುಖ ಒರೆಸಿಕೊಂಡು ತಾನೇ ಅಂದಳು, "ನಡೀರಿ, ಅಭಿಜಿತನ ಮುಂದ ಹೇಳತೇನಿ. ಈಗ ಬರತೇನಿ."

ನನಗೆ ಅವಳ ಮೇಲೆ ಸಿಟ್ಟಿತ್ತು, ಅದು ಅಷ್ಟಕ್ಕೇ ಕರಗಿಹೋಯಿತು, ಬೆನ್ನು ಸವರಿದೆ. ತಪ್ಪು ಒಪ್ಪಿಕೊಂಡವರನ್ನು ಕಂಡರೆ ನಾನು ಬೇಗ ಸೋಲುತ್ತೇನೆ.

ನಿಪ್ಪಾಣಿಯ ಹತ್ತಿರ ಬೋರ್ಡುಗಳು ಕನ್ನಡಕ್ಕೆ ತಿರುಗಿದವು, ಸಂಕೇಶ್ವರ ದಾಟಿದ ಮೇಲೆ ಮತ್ತೆ ಮರಾಠಿಗೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ತೂಕಡಿಸುತ್ತ ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಮನಾಲಿ ಫೋನಿನಲ್ಲಿ ಏನೋ ಬರೆಯುತ್ತಿದ್ದಳು. ಕಾಕಾ ಕಣ್ಣು ಮುಚ್ಚಿ ಕೂತಿದ್ದರು. ನಾನು ಇಳಿಬಿಸಿಲನ್ನು ನೋಡುತ್ತ ಬಂದೆ. ಒಂದು ಗೇಣು ಅಂದರೆ ಅರ್ಧ ಗಂಟೆ ಎಂದು ಗೊತ್ತಾದ ಮೇಲೆ ಹೊಲದ ಮೇಲಿನ ಬಿಸಿಲೂ ಗಡಿಯಾರದಂತೆ ಕಾಣತೊಡಗಿತ್ತು. ಸುಶೀಲಾಬಾಯಿಗೆ ಇನ್ನೆಷ್ಟು ಗೇಣು ಉಳಿದಿದೆ ಅಂತ ಮನಸ್ಸಿನಲ್ಲೇ ಅಳೆದೆ.

ಗಡಹಿಂಗ್ಲಜ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು.

ಅಭಿಜಿತ ಪಡಸಾಲೆಯಲ್ಲಿ ಕೂತಿದ್ದ. ಮೂವತ್ತು ದಾಟಿದ ಎತ್ತರದ ಆಳು, ದೂರಿನ ಕಾಗದವನ್ನು ಬರೆದು ಎದುರಿಗೇ ಇಟ್ಟುಕೊಂಡಿದ್ದ. ಮನಾಲಿ ನಿಂತುಕೊಂಡೇ ಎಲ್ಲ ಹೇಳಿದಳು. ಅವನು ನಡುವೆ ಒಂದು ಮಾತೂ ಆಡಲಿಲ್ಲ. ಅವಳು ಮುಗಿಸಿದ ಮೇಲೆ ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡ.

"ಹಂಗಾದ್ರ ಯಾರೋ ಹೊರಗಿನವರು ಹೊಕ್ಕಾರ. ಸುಶೀಲಾಬಾಯಿದ ತಪ್ಪಿಲ್ಲ," ಅಂದ. "ನೂಲ ಊರಿಗೆ ಫೋನ ಮಾಡಿ ಆಕೀನ ಕರಸ್ತೇನಿ."

ಇಷ್ಟು ಬೇಗ ಒಪ್ಪುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಒಪ್ಪಿದನಲ್ಲ ಎಂಬ ಖುಷಿಗೆ ಅಲ್ಲಿ ಕೊಟ್ಟ ಚಹಾದಲ್ಲಿ ಸಕ್ಕರೆ ಇಲ್ಲದ್ದೂ ತಿಳಿಯಲಿಲ್ಲ. ಸುಶೀಲಾಬಾಯಿ ನೂಲದ ಅಣ್ಣನ ಮನೆಯಿಂದ, ಮಂದಿ ತುಂಬಿಕೊಂಡು ಓಡುವ ವಡಾಪ ಜೀಪು ಹತ್ತಿ ಮುಕ್ಕಾಲು ಗಂಟೆಯಲ್ಲಿ ಬಂದಿಳಿದರು. ಮೆಟ್ಟಿಲ ಹತ್ತಿರ ನಿಂತರು, ಒಳಗೆ ಬರಲಿಲ್ಲ. ನಾನು ಸರಿಮಾಡಿ ಕೊಟ್ಟ ಚಷ್ಮಾ ಮೂಗಿನ ಮೇಲಿತ್ತು, ಅದರ ಹಿಂದೆ ಕಣ್ಣು ತುಂಬಿತ್ತು. ಆಕೆ ಕೊಡ ತೆಗೆದುಕೊಂಡು ಸೀದಾ ಬಾವಿಯ ಕಡೆ ಹೋದರು.

"ಆಯಿಗೆ ಇಷ್ಟ ದಿನ ಮಶೀನಿನ ನೀರ ಕೊಡಾಕತ್ತೇವಿ," ಅಭಿಜಿತ ಅಜ್ಜಿಯ ಕೋಣೆಯ ಕಡೆ ಕೈ ತೋರಿಸಿ ಹೇಳಿದ. "ಆ ಹಂಡೆ ಗುರುವಾರದಿಂದ ಯಾರೂ ಮುಟ್ಟಿಲ್ಲ."

ಡಬ್ಬಿಯೊಳಗೆ ಅಷ್ಟು ಸಲ ಹೊಕ್ಕು ಬಂದ ಕೋಣೆಯನ್ನು ನಿಜವಾಗಿ ಒಮ್ಮೆ ನೋಡಬೇಕೆನ್ನಿಸಿತು. ಹೋದೆ.

ಒಳಗೆ ಕಾಲಿಟ್ಟಾಗ ತಲೆ ತಿರುಗಿದಂತಾಯಿತು. ಎಲ್ಲವೂ ನನಗೆ ಮೊದಲೇ ಗೊತ್ತಿತ್ತು. ಗೂಡು, ಪೆಟ್ಟಿಗೆ, ಗೂಟದ ಮೇಲಿನ ಸೀರೆ. ಬಿಸಿಲು ಮಾತ್ರ ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು, ಅದೇ ವಿಚಿತ್ರ ಅನ್ನಿಸಿತು. ಮಂಚದ ಮೇಲೆ ಸೋನಾಬಾಯಿ ಕೌದಿ ಹೊದ್ದು ಕಣ್ಣು ಮುಚ್ಚಿದ್ದರು. ಎಂಬತ್ತರ ಹತ್ತಿರದ ಸಣ್ಣ ಜೀವ.

ಹಂಡೆಯ ಹತ್ತಿರ ಹೋಗಿ ಅರಿವೆ ಮುಟ್ಟಿದೆ. ತೊಯ್ದಿತ್ತು.

"ಹಿಂಡಬ್ಯಾಡವ್ವಾ ಅದನ್ನ," ಹಿಂದಿನಿಂದ ದನಿ ಬಂತು. "ಜೀವ ಇರತಾವ."

ತಿರುಗಿದೆ. ಸೋನಾಬಾಯಿಯ ಕಣ್ಣು ತೆರೆದಿದ್ದವು.

"ಅವ್ವಾ, ಇದನ್ನ ಯಾರ ಸೋಸಿದ್ರು?"

ಅವರು ಮುಚ್ಚು ಎಂಬಂತೆ ಬಾಗಿಲ ಕಡೆ ಕಣ್ಣು ತೋರಿಸಿದರು. "ಬಾಗಲಾ ಮುಂದ ಮಾಡು."

ಮಾಡಿದೆ. ಅವರು ಕೌದಿ ಸರಿಸಿದರು. ಎಡಗಾಲನ್ನು ನೆಲಕ್ಕಿಟ್ಟರು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಅದರ ಪಕ್ಕದಲ್ಲಿಟ್ಟರು. ಮಂಚದ ಗೂಟ ಹಿಡಿದು ಎದ್ದರು. ಎರಡು ವರ್ಷದಿಂದ ಏಳದ ಹೆಂಗಸು ನನ್ನೆದುರು ನಿಂತು, ಗೋಡೆ ಹಿಡಿದು ಹಂಡೆಯ ತನಕ ನಾಲ್ಕು ಹೆಜ್ಜೆ ನಡೆದು, ತಂಬಿಗೆಯಲ್ಲಿ ಸೋಸಿಟ್ಟ ನೀರು ಒಂದು ಗುಟುಕು ಕುಡಿದು, ಅದೇ ದಾರಿಯಲ್ಲಿ ವಾಪಸು ಹೋಗಿ ಕೂತರು. ನಾನು ಇನ್ನೂ ಡಬ್ಬಿಯೊಳಗೇ ಇದ್ದೇನೆ ಅನ್ನಿಸಿತು.

"ಯಾರಿಗೂ ಗೊತ್ತಿಲ್ಲ, ಸುಶೀಲಾಗೂ," ಅಂದರು. "ಪ್ರಿಯದರ್ಶನಿ ಲಗ್ನದ ದಿನ ನಾನ ನಡಕೊಂತ ಹೋಗಿ ಆಕಿ ಕೊಳ್ಳಾಗ ಸಾಜ ಹಾಕಬೇಕಂತಿತ್ತು. ಯಾರೂ ಇಲ್ಲದಾಗ ಒಂದೊಂದ ಹೆಜ್ಜಿ ರೂಢಿ ಮಾಡಾಕತ್ತಿದ್ನಿ."

"ಗುರುವಾರ?"

"ಫೋಟೋದಾಕಿ ಹೊರಗ ಹೋದ್ಲು. ಸುಶೀಲಾ ಗಿರಣಿಗೆ ಹೋದ್ಲು. ಪಡಸಾಲಿಯಿಂದ ಎದ್ದ ಬಂದ್ನಿ. ಸಾಜ ನೋಡೂ ಆಶಾ ಆತು, ಪೆಟ್ಟಿಗಿ ತೆರದ್ನಿ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಖಾಲಿ ಇತ್ತು."

ನಾನು ಗೂಡಿನಲ್ಲಿದ್ದ ಪೆಟ್ಟಿಗೆಯ ಕಡೆ ತಿರುಗಿದೆ.

"ಬಾಯಿ ಒಣಗಿತು. ನೀರ ಸೋಸಿ ಕುಡದ್ನಿ. ಕೀಲಿ ಸುಶೀಲಾನ ಹಂತೇಕ ಇತ್ತಲ್ಲ, ಆಕೀನ ಒಯ್ದಾಳ ಅಂದಕೊಂಡ್ನಿ. ಎರಡ ವರ್ಷ ನನ್ನ ಹೊಲಸ ಬಳದಾಳ. ಒಯ್ದಿದ್ರ ಒಯ್ಯಲಿ ಬಿಡು, ನಾ ಬಾಯಿ ಬಿಡೂದ ಬ್ಯಾಡಂತ ಸುಮ್ಮನಾದ್ನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅರವತ್ತು ಕಿಲೋಮೀಟರು ಓಡಿ ಬಂದು ಯಾವ ಅರ್ಧ ಗಂಟೆಯಿಂದ ಸುಶೀಲಾಬಾಯಿಯನ್ನು ಬಿಡಿಸಿದ್ದೆವೋ, ಆ ಅರ್ಧ ಗಂಟೆ ಶುರುವಾಗುವ ಮೊದಲೇ ಪೆಟ್ಟಿಗೆ ಬರಿದಾಗಿತ್ತು. ಮೊದಲು ಕೀಲಿ ಇದ್ದದ್ದು ಆಕೆಯ ಸೊಂಟದಲ್ಲಿ. ನಮ್ಮ ಸಾಕ್ಷಿ ಈಗ ಆಕೆಯನ್ನೇ ತೋರಿಸುತ್ತಿತ್ತು.

ಬಾಗಿಲು ಸರಿಯಿತು. ಕಾಕಾ. ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದರೆಂದು ಮುಖದಲ್ಲೇ ಇತ್ತು.

"ಅವ್ವಾರ, ಒಂದ ಮಾತು. ನೀವು ಪೆಟ್ಟಿಗಿ ಮುಟ್ಟಿದಾಗ ಕೊಂಡಿ ಹಾಕಿತ್ತೇನ್ರಿ, ತೆಗೆದಿತ್ತೇನ್ರಿ?"

"ಮ್ಯಾಲೆತ್ತಿತ್ತು. ನಾ ಹಾಕಿ ಇಟ್ನಿ."

ಕಾಕಾ ಕಿಸೆಯಿಂದ ಆ ಕಾರ್ಡು ತೆಗೆದು ಬಲಪಟವನ್ನು ಅಂಗೈಯಿಂದ ಮುಚ್ಚಿದರು. ಎಡಪಟವನ್ನು ನನ್ನ ಮುಂದೆ ಹಿಡಿದರು. ಕೊಂಡಿಯ ಎರಡು ನಾಲಗೆಗಳು.

"ಬೇವಿನ ಎಲಿ ಗಾಳಿಗೆ ಅಲಗತಾವ, ಸರಿತಾ. ಗ್ವಾಡಿ ಗೂಡಿನ್ಯಾಗಿನ ಹಿತ್ತಾಳಿ ಕೊಂಡಿಗೆ ಎಲ್ಲೀ ಗಾಳಿ?"

ಎಡಗಣ್ಣಿಗೆ ಹೊಡೆದ ಮೂರು ಪಟಗಳಲ್ಲಿ ಮೊದಲನೆಯದರಲ್ಲಿ ಕೊಂಡಿ ಕೆಳಗಿತ್ತು, ಕೊನೆಯದರಲ್ಲಿ ಮೇಲಿತ್ತು. ಆ ಅರ್ಧ ನಿಮಿಷದೊಳಗೆ ಒಂದು ಕೈ ಅದನ್ನು ತೆರೆದಿತ್ತು. ಎಂಟು ಸೆಕೆಂಡಿನ ಪಟ ಓಡಾಡುವವರನ್ನು ನುಂಗಿಬಿಡುತ್ತದೆ, ಎತ್ತಿದ ಕೊಂಡಿಯನ್ನು ನುಂಗಲಿಲ್ಲ. ಆ ಹೊತ್ತಿನಲ್ಲಿ ರಿಮೋಟು ಹಿಡಿದು ಅಲ್ಲೇ ನಿಂತಿದ್ದೆ ಅಂದವಳು ಮನಾಲಿ. ಸಣ್ಣ ಸುಳ್ಳನ್ನು ಅಳುತ್ತ ನಮ್ಮ ಕೈಗಿಟ್ಟು ದೊಡ್ಡದನ್ನು ಬಚ್ಚಿಟ್ಟುಕೊಂಡಿದ್ದಳು. ನಾನು ಅವಳ ಬೆನ್ನು ಸವರಿ ಸಮಾಧಾನ ಮಾಡಿದ್ದೆ.

ಅಂಗಳದಲ್ಲಿ ಗಾಡಿ ಶುರುವಾದ ಸದ್ದು ಕೇಳಿತು. ನಾನು ಕಿಟಕಿಗೆ ಹೋಗುವುದರೊಳಗೆ ಅದು ಬಾಗಿಲು ದಾಟಿತ್ತು.

ಸುಶೀಲಾಬಾಯಿ ತುಂಬಿದ ಕೊಡ ಹೊತ್ತು ಒಳಗೆ ಬಂದರು.

"ಮನಾಲಿ ಎಲ್ಲಿ?" ಕಾಕಾ ಕೇಳಿದರು.

"ಅಭಿದಾದಾರು ಬಸ್‌ಸ್ಟ್ಯಾಂಡಿಗೆ ಬಿಟ್ಟ ಬರಾಕ ಹೋದರ್ರಿ." ಆಕೆ ಕೊಡ ಇಳಿಸಿದರು. "ಹೋಗೂವಾಗ ಆ ಹುಡಗಿ ನನ್ನಂಥಾಕಿ ಕಾಲ ಮುಟ್ಟಿ ನಮಸ್ಕಾರ ಮಾಡಿದಳ್ರಿ. ಅಳಾಕತ್ತಿದ್ಲು. ಯಾಕವ್ವಾ ಅಂದ್ರ ಹೇಳಲಿಲ್ಲ." ಸ್ವಲ್ಪ ತಡೆದು ಅಂದರು, "ಬಸ್‌ಸ್ಟ್ಯಾಂಡು ಎಡಕ್ಕೈತ್ರಿ. ಗಾಡಿ ಬಲಕ್ಕ ಆಜರಾ ಕಡೆ ತಿರಗಿತು. ಎಣ್ಣಿ ಹಾಕಿಸಾಕ ಇರಬೇಕು."

ಆಜರಾದ ಆಚೆ ಘಟ್ಟ, ಘಟ್ಟದ ಆಚೆ ಗೋವಾ. ಕಾಕಾ ನನ್ನನ್ನು ನೋಡಿದರು. ನಾನು ಸೋನಾಬಾಯಿಯನ್ನು ನೋಡಿದೆ. ಅವರಿಗೂ ಅರ್ಥವಾಗಿತ್ತು: ಸಾಜ ಒಯ್ದವಳ ಜೊತೆ ಮೊಮ್ಮಗನೂ ಇದ್ದ.

"ತಂಬಿಗಿ ತೊಳಕೊಂಡ ಬರತೇನಿ. ಹೊತ್ತ ಮುಳಗೂದ್ರಾಗ ಅವ್ವಾರ ನೀರ ಕುಡೀಬೇಕ್ರಿ," ಅನ್ನುತ್ತ ಸುಶೀಲಾಬಾಯಿ ಹಿತ್ತಲಿಗೆ ಹೋದರು.

ಕಾಕಾ ಮಂಚದ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು. "ಅವ್ವಾರ, ಪೆಟ್ಟಿಗಿ ಖಾಲಿ ಇತ್ತಂತ, ಕೊಂಡಿ ತೆಗೆದಿತ್ತಂತ ಪೊಲೀಸರ ಮುಂದ ಎದ್ದ ನಿಂತ ಹೇಳತೀರೇನ್ರಿ? ಬರೀ ಪಟ ನಂಬಾಂಗಿಲ್ಲ ಅವರು. ನೀವು ಹೇಳದಿದ್ರ ಇದು ಆಕಿ ತಲಿಗೇ ಬರತೈತಿ."

ಸೋನಾಬಾಯಿ ಕಿಟಕಿಯ ಹೊರಗೆ, ಗಾಡಿ ಎಬ್ಬಿಸಿದ ಧೂಳನ್ನು ನೋಡಿದರು. ನಾಲ್ಕು ದಿನ ಸುಶೀಲಾಬಾಯಿಯ ಸಲುವಾಗಿ ಮುಚ್ಚಿದ್ದ ಬಾಯಿ ಅದು. ಆಮೇಲೆ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಹಾಸಿಗೆಯ ಮೇಲಿಟ್ಟುಕೊಂಡರು. ಎಡಗಾಲನ್ನೂ ಎಳೆದುಕೊಂಡರು. ಕೌದಿ ಹೊದ್ದು ಗೋಡೆಯ ಕಡೆ ತಿರುಗಿದರು.

"ಏನ ಮಾತಂತ ಆಡತೀಯಪ್ಪಾ," ಅಂದರು. "ನನಗ ಏಳಾಕ ಎಲ್ಲಿ ಬರತೈತಿ?"

ನಾನು ಬಾಯಿ ತೆರೆದೆ. ಕಾಕಾ ನನ್ನ ಮೊಣಕೈ ಹಿಡಿದರು. ಸುಶೀಲಾಬಾಯಿ ತೊಳೆದ ತಂಬಿಗೆಯೊಂದಿಗೆ ಬಂದಿದ್ದರು.

"ಅವ್ವಾರ ಕಾಲಮ್ಯಾಲಿನ ಕೌದಿ ಸರದೈತಲ್ರಿ," ಅನ್ನುತ್ತ ಆಕೆ ಮಂಚದ ಕಾಲ್ದೆಸೆಗೆ ಕೂತರು. ನಾಲ್ಕು ದಿನದ ಮೇಲೆ ಸಿಕ್ಕ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಸೆರಗಿನಿಂದ ಒರೆಸತೊಡಗಿದರು. ಬಲಗಾಲು ಒರೆಸಿದರು. ಎಡಗಾಲು ಒರೆಸಿದರು. ಬಿಳಿ ಸೆರಗಿನ ಮೇಲೆ ಅಂಗಾಲಿನ ಕರಿ ಧೂಳು ಹತ್ತಿತು.

ಸುಶೀಲಾಬಾಯಿ ಚಷ್ಮಾ ಸರಿಮಾಡಿಕೊಂಡು ಆ ಧೂಳನ್ನು ನೋಡಿದರು. ಆಮೇಲೆ ಹಂಡೆಯ ಮೇಲಿನ ತೊಯ್ದ ಅರಿವೆಯನ್ನು ನೋಡಿದರು. ಪಾದ ಇನ್ನೂ ಆಕೆಯ ಕೈಯಲ್ಲೇ ಇತ್ತು.